ಸಂಘದ ವಿರುದ್ಧ ಗೆದ್ದೆವು

೧೪ ಅಕ್ಟೋಬರ್ ೨೦೧೧, ಶುಕ್ರವಾರ, ಕ್ಲೀವ್‌ಲ್ಯಾಂಡ್

ಕೂಗಿ ಕೂಗಿ ಗಂಟಲು ಕಟ್ಟಿದೆ. ನಮ್ಮಂಥ ನಿವೃತ್ತ ಫುಟ್‌ಬಾಲ್ ಆಟಗಾರರು ತನಗೆ ಏನೂ ಅಲ್ಲವೆಂದು ನಮ್ಮದೇ ಆಟಗಾರರ ಸಂಘ ಆರು ವರ್ಷ ವಾದಿಸಿತು. ಅದು ನಮ್ಮನ್ನು ಕೇಳದೆಯೇ ನಮ್ಮ ಹೆಸರು, ಮುಖಗಳನ್ನು ವಿಡಿಯೋ ಗೇಮಿಗೆ ಕೊಟ್ಟದ್ದು ತಪ್ಪೆಂದು ಇವತ್ತು ಕೋರ್ಟಿನಲ್ಲಿ ತೀರ್ಪು ಬಂತು.

ಹಿಂದೊಮ್ಮೆ ಮೈದಾನದಲ್ಲಿ ನನ್ನ ಮೂಗು ಮುರಿದಿದ್ದ ಎದುರಾಳಿ ತಂಡದ ಥಡಿಯಸ್ ನನ್ನನ್ನು ಎತ್ತಿಯೇಬಿಟ್ಟ.

"ಇಳಿಸೋ ಮಾರಾಯ, ಈ ಸಲ ಸೊಂಟ ಮುರೀತೀಯ!" ಎಂದೆ.

"ಸುಮ್ನಿರೋ ಮುದುಕ, ಈಗ ನಾವಿಬ್ರೂ ಒಂದೇ ಟೀಮು!"

ತೀರಿಹೋದ ಗೆಳೆಯ ರೋಲೆಂಡನ ಹೆಂಡತಿ ಐಮೊಜೀನ್ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಹತ್ತಿರ ಹೋದೆ.

"ತೀರ್ಪಲ್ಲಿ ನಮ್ಮವ್ರ ಹೆಸರೂ ಓದಿದ್ರು, ಕೇಳಿಸ್ತಾ?" ಎಂದಳು.

"ಕೇಳಿಸ್ತಮ್ಮ."

ಆಗ ಎದ್ದಳು. ಕೋರ್ಟಿನ ಮೆಟ್ಟಿಲ ಮೇಲೆ ನನ್ನ, ಥಡಿಯಸನ ಕೈ ಹಿಡಿದು ಕುಣಿದೇಬಿಟ್ಟಳು! ಅವಳ ನಗು ನೆನೆದರೆ ನನಗೂ ಮತ್ತೆ ನಗು ಬರುತ್ತದೆ. ನಗುವಿಗೆ ಪೆನ್ನು ಜಾರುತ್ತಿದೆ, ಇನ್ನು ನಾಳೆ ಬರೆಯುತ್ತೇನೆ.