ರಕ್ಷಾ ಅನಾಥೆಯಲ್ಲ, ಮಾನ್ಯರೇ

ಮಕ್ಕಳ ಕ್ಷೇಮಪಾಲನೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಜಕ್ಕೂರಿನ ನಾಲ್ಕು ವರ್ಷದ ರಕ್ಷಾ ಎಂಬ ಹೆಣ್ಣುಮಗು, ತಾಯಿ ತಂದೆ ಇಬ್ಬರೂ ಗಟ್ಟಿಮುಟ್ಟಾಗಿ ಬದುಕಿರುವಾಗ, ತಮ್ಮ ಬಾಲಮಂದಿರದಲ್ಲಿ ಅನಾಥೆಯಾಗಿ ಕುಳಿತಿದ್ದಾಳೆ. ಅವಳನ್ನು ಅಲ್ಲಿ ಕೂರಿಸಿದ್ದು ತಮ್ಮ ಕಚೇರಿ. ಕೂರಿಸಲು ಬೇಕಾದ ಪದವನ್ನು ಒದಗಿಸಿದ್ದು ನಾನು. ಈ ಪತ್ರವನ್ನು ಲಕೋಟೆಗೆ ಹಾಕದೆ ಪತ್ರಿಕೆಗೆ ಕೊಡುತ್ತಿರುವುದೂ ಅದಕ್ಕಾಗಿಯೇ. ತಪ್ಪು ಊರಿನೆದುರು ನಡೆದಿದೆ. ನಾಚಿಕೆಯೂ ಊರಿನೆದುರೇ ಆಗಲಿ.

ಯೌವನದಲ್ಲಿ ಯಲಹಂಕದ ಕಚೇರಿಯ ಮುಂದೆ ಮರದಡಿ ಕೂರುತ್ತಿದ್ದ ಅರ್ಜಿ ಬರೆಯುವವರ ಬಳಿ ನಕಲು ಮಾಡುತ್ತ ಕಲಿತ ಬರವಣಿಗೆ ನನ್ನದು. ಅರ್ಜಿದಾರನೆಂದಮೇಲೆ ನಿರ್ಗತಿಕ, ವಿಧವೆಯೆಂದಮೇಲೆ ದಿಕ್ಕಿಲ್ಲದವಳು, ಮಕ್ಕಳೆಂದಮೇಲೆ ಅನಾಥರು: ಇದು ಆ ಮರದಡಿಯ ವ್ಯಾಕರಣ. ಕೆರೆಯ ಕೆಳಗೆ ಎರಡು ಎಕರೆ ಗದ್ದೆಯಿದ್ದವರನ್ನೂ ‘ಒಪ್ಪೊತ್ತಿನ ಗಂಜಿಗೂ ಗತಿಯಿಲ್ಲದ’ ಎಂದು ಬರೆದಿದ್ದೇನೆ; ಯಾವ ಅಧಿಕಾರಿಯೂ ಅವರ ಮನೆಗೆ ಗಂಜಿ ಕಳಿಸಲಿಲ್ಲ. ಅದು ಅಲಂಕಾರವೆಂಬುದು ಬರೆದವನಿಗೂ ಗೊತ್ತಿತ್ತು, ಓದಿದವರಿಗೂ ಗೊತ್ತಿತ್ತು. ಬೀದಿದೀಪಕ್ಕಾಗಿ, ಚರಂಡಿಗಾಗಿ, ಬಸ್ಸಿಗಾಗಿ ನಾನು ಬರೆದವುಗಳನ್ನು ಯಾರೂ ಓದಿದ ಕುರುಹು ಇಲ್ಲ. ಒಂದನ್ನು ಮಾತ್ರ ಓದಿದಿರಿ. ಅದನ್ನೂ ಅಕ್ಷರಶಃ ಓದಿದಿರಿ.

ರಕ್ಷಾಳ ತಂದೆತಾಯಿ ಶರಣು ಮತ್ತು ನಿಂಗವ್ವ ಯಾದಗಿರಿ ಕಡೆಯವರು, ನಮ್ಮ ವಠಾರದ ಬಾಡಿಗೆದಾರರು. ನಿಂಗವ್ವ ಗೊರಗುಂಟೆಪಾಳ್ಯದ ಬಳಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಶರಣು ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಾನೆ. ಅಂಗನವಾಡಿ ಬಿಸಿಲಿರುವಾಗಲೇ ಬಾಗಿಲು ಹಾಕುತ್ತದೆ. ತಾಯಿ ಬರುವುದು ದೀಪ ಹಚ್ಚಿದ ಮೇಲೆ. ನಡುವಿನ ಹೊತ್ತನ್ನು ಮಗು ನಮ್ಮ ಜಗುಲಿಯ ಮೇಲೆ ಕಳೆಯುತ್ತಿತ್ತು. ಸರ್ಕಾರ ಹುಟ್ಟಿದ ಕೂಸಿಗೆ ಲಸಿಕೆ ಕೊಡುತ್ತದೆ, ಆಮೇಲೆ ಮೊಟ್ಟೆ, ಆಮೇಲೆ ಸಮವಸ್ತ್ರ, ಹದಿನೆಂಟು ತುಂಬಿದೊಡನೆ ಮತದ ಚೀಟಿ. ಈ ಹದಿನೆಂಟು ವರ್ಷಗಳ ಸಂಜೆಗಳು ಯಾವ ಇಲಾಖೆಗೆ ಸೇರಿದವು, ಮಾನ್ಯರೇ? ಕೆರೆಯ ಏರಿಗೆ ಸೇರಿದವೇ? ಬಾರಿನ ಮುಂದೆ ನಿಂತಿರುವ ದೊಡ್ಡ ಹುಡುಗರಿಗೆ ಸೇರಿದವೇ? ಅಂಗನವಾಡಿಯನ್ನು ಕತ್ತಲಾಗುವವರೆಗೆ ತೆರೆದಿಡಿ, ಶಾಲೆಯ ಮಕ್ಕಳಿಗೂ ಅಲ್ಲೇ ಒಂದು ಕೋಣೆ ಕೊಡಿ ಎಂದು ಬರೆಯಲು ಕುಳಿತೆ. ಕೋರಿಕೆ ಸಪ್ಪೆಯೆನಿಸಿತು. ‘ದಿಕ್ಕುದೆಸೆಯಿಲ್ಲದ ಅನಾಥೆಯಾದ ರಕ್ಷಾ ಎಂಬ ಬಾಲೆಯನ್ನು ಉದ್ಧರಿಸಬೇಕಾಗಿ’ ಎಂದು ಸೇರಿಸಿದೆ. ಬರೆದು, ಗಟ್ಟಿಯಾಗಿ ಓದಿಕೊಂಡು, ಸಂತೋಷಪಟ್ಟೆ.

ತಮ್ಮ ಕಚೇರಿಯ ವಾಹನ ಬಂದಾಗ ಬೀದಿಯಲ್ಲಿ ನನ್ನಷ್ಟು ಬೀಗಿದವರಿಲ್ಲ. ಅಂಗನವಾಡಿಯ ಪರಿಶೀಲನೆಗೆ ಬಂದಿದ್ದಾರೆಂದುಕೊಂಡು ಎಳನೀರು ತರಿಸಿದೆ. “ರಕ್ಷಾ ಅಂದ್ರೆ ಯಾರು ಸಾರ್?” ಎಂದು ಸಿಬ್ಬಂದಿಯ ಹೆಣ್ಣುಮಗಳು ಕೇಳಿದಾಗ, ಮಗುವನ್ನು ಕರೆದು ಮುಂದೆ ನಿಲ್ಲಿಸಿದವನು ನಾನೇ. “ಇವಳನ್ನ ಕರ್ಕೊಂಡ್ ಹೋಗ್ಬೇಕು ಸಾರ್, ಪ್ರೊಸೀಜರ್” ಎಂದರು. ತೂಕ ನೋಡಲಿಕ್ಕೋ ಫೋಟೋ ತೆಗೆಯಲಿಕ್ಕೋ ಇರಬೇಕೆಂದು ಕೇಳಲೂ ಇಲ್ಲ. “ಟಾಟಾ ಮಾಡು ಪುಟ್ಟಾ” ಎಂದೆ. ಮಾಡಿದಳು.

ದೀಪ ಹಚ್ಚುವ ಹೊತ್ತಾದರೂ ಮಗು ಮರಳದಾಗ ತಮ್ಮ ಕಚೇರಿಗೆ ಫೋನ್ ಮಾಡಿದೆ; ‘ಅನಾಥೆ ಅಂತ ಅರ್ಜಿಯಲ್ಲಿದೆ, ಬಾಲಮಂದಿರಕ್ಕೆ ಸೇರಿಸಿದ್ದೇವೆ’ ಎಂದರು. ಅಂದು ಕೆಲಸದಿಂದ ಬಂದ ನಿಂಗವ್ವನಿಗೆ ಅರ್ಜಿಯ ಪ್ರತಿಯನ್ನು ನಾನೇ ಓದಿ ಹೇಳಬೇಕಾಯಿತು. ಆ ಪದ ಬಂದಾಗ ನನ್ನ ಕೈಹಿಡಿದು ತಡೆದಳು. “ಅಜ್ಜಾರ, ನಾ ಸತ್ತೀನೇನ್ರಿ? ನಿಮ್ಮ ಕಣ್ಣ ಮುಂದ ದಿನಾ ದುಡ್ಯಾಕ ಹೊಕ್ಕೀನಲ್ರಿ. ನನ್ನ ಕೂಸು ಅನಾಥಿ ಹ್ಯಾಂಗ ಆತ್ರಿ?”

ಮರುದಿನದಿಂದ ತಮ್ಮ ಕಚೇರಿಯ ಬೆಂಚು ಸವೆಸುತ್ತಿದ್ದೇವೆ. ಅನಾಥೆಯೆನ್ನಲು ಒಬ್ಬ ಮುದುಕನ ಸಹಿ ಸಾಕಾಯಿತು. ತಾಯಿಯಿದ್ದಾಳೆ ಎನ್ನಲು ತಾಯಿಯೇ ಎದುರು ಬಂದು ನಿಂತರೂ ಸಾಲದಾಯಿತು. ಜನನ ಪತ್ರದಲ್ಲಿ ಮಗುವಿನ ಹೆಸರಿಲ್ಲವೆಂಬುದು ತಮ್ಮವರ ಆಕ್ಷೇಪ. ಇರುವುದಾದರೂ ಹೇಗೆ? ಚೊಚ್ಚಲ ಹೆರಿಗೆ ತವರಿನಲ್ಲಾಯಿತು, ಪತ್ರ ಮೊದಲು ಬಂತು, ತೊಟ್ಟಿಲಿಗೆ ಹಾಕಿ ಹೆಸರಿಟ್ಟದ್ದು ಆಮೇಲೆ. “ನಿಂಗವ್ವನ ಹೆಣ್ಣುಮಗು ಅಂತ ಬರ್ದಿದೆ, ಅದು ಈ ಮಗೂನೇ ಅಂತ ಏನ್ರೀ ಗ್ಯಾರಂಟಿ?” ಎಂದು ಗುಮಾಸ್ತರೊಬ್ಬರು ಕೇಳಿದರು. ತಮ್ಮ ಕಚೇರಿಯಲ್ಲಿ ಯಾರಿಗಾದರೂ ಹುಟ್ಟುವಾಗಲೇ ಹೆಸರಿತ್ತೇ, ಸ್ವಾಮಿ?

ತಮ್ಮನ್ನು ಹೀಗೆ ಕೇಳುವ ಧೈರ್ಯವೂ ನನಗೆ ಪೂರ್ತಿಯಾಗಿ ಇಲ್ಲ. ನನ್ನ ಹೆಂಡತಿ ಮುನಿಕೃಷ್ಣಮ್ಮ ಅದನ್ನು ಕಿತ್ತುಕೊಂಡಿದ್ದಾಳೆ. “ಇಂಗೆ ಕಾಗದ ಬರ್ಯೋ ಬದ್ಲು ಆ ಮಗೀನ ಜಗುಲಿಯಿಂದ ಒಳೀಕ್ ಕರ್ದಿದ್ರೆ ಆಯ್ತಿರ್ಲಿಲ್ವಾ? ನಾನೂ ಕರೀಲಿಲ್ಲ, ನೀವೂ ಕರೀಲಿಲ್ಲ. ಬಾಡ್ಗೆಯೋರ ಮಗು ಅಂತ ಸುಮ್ಕಾದ್ವಿ.” ಹಳೆಯ ಜಕ್ಕೂರಿನ ಮನೆತನದವರೆಂದು ಎದೆಯುಬ್ಬಿಸಿ ನಡೆಯುವ ನಮ್ಮ ಹೊಸ್ತಿಲಿಂದ ಆ ಮಗು ಎರಡು ಮೊಳ ದೂರದಲ್ಲಿ ಕೂತಿತ್ತು. ಸರ್ಕಾರಕ್ಕೆ ಬರೆಯುವುದು ಸುಲಭ. ಬಾಗಿಲು ತೆರೆಯಲು ಏಳಬೇಕಾಗುತ್ತದೆ. ಈಗ ತೆರೆದಿದ್ದೇವೆ. ಹಾಗೆಂದು ತಮ್ಮ ಬಾಗಿಲು ಮುಚ್ಚಿಕೊಳ್ಳುವಂತಿಲ್ಲ. ನಮ್ಮ ನಡುಮನೆ ಈ ಬೀದಿಯ ಎಲ್ಲ ಮಕ್ಕಳಿಗೆ ಸಾಲದು. ಅಂಗನವಾಡಿಯ ಕೋರಿಕೆ ಹಾಗೆಯೇ ಇದೆ, ಅದಕ್ಕೆ ಉತ್ತರ ಬೇಕು.

ಅದಕ್ಕೂ ಮೊದಲು ರಕ್ಷಾಳನ್ನು ಕಳಿಸಿ. ಇಲ್ಲಿ ಅಲಂಕಾರವಿಲ್ಲ, ದಯವಿಟ್ಟು ಇದನ್ನೂ ಅಕ್ಷರಶಃ ಓದಿ. ಅವಳ ತಾಯಿ ನಿಂಗವ್ವ, ತಂದೆ ಶರಣು, ಮನೆ ಜಕ್ಕೂರು. ಕಳೆದ ಭಾನುವಾರ ತಾಯಿ ನೋಡಲು ಹೋದಾಗ ಮಗು ಕೇಳಿತಂತೆ: “ಯವ್ವಾ, ಇಲ್ಲಿ ಅಕ್ಕಾರು ನನಗ ಅನಾಥಿ ಅಂತಾರ. ಹಂಗಂದ್ರ ಏನಬೇ?” ನಿಂಗವ್ವ ಹೇಳಿಲ್ಲ. ಮಗುವಿಗೆ ಆ ಪದದ ಅರ್ಥ ತಿಳಿಯುವ ಮೊದಲು ಮನೆಗೆ ಕಳಿಸಿಕೊಡಿ.

ಇಂತಿ,
‘ವಿಧೇಯ’ನೆಂದು ಬರೆಯಲು ಈ ಸಲ ಕೈಬಾರದ
ಬೈರಣ್ಣ, ಜಕ್ಕೂರು