ಟೇಪು ಹಿಡಿಯದ ಅಳತೆ

ರೀ,

ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಚೀಟಿಯನ್ನು ಅಳತೆ ಪುಸ್ತಕದಲ್ಲಿ ಇಟ್ಟಿದ್ದೇನೆ.

ಹನ್ನೆರಡು ವರ್ಷದಿಂದ ನೀವು ಟೇಪು ಹಿಡಿದು ಹೆಂಗಸರ ಅಳತೆ ಕೂಗುತ್ತೀರಿ, ನಾನು ಬರೆದುಕೊಳ್ಳುತ್ತೇನೆ. ಎದೆ, ಸೊಂಟ, ತೋಳು, ಎಲ್ಲವೂ ನನಗೆ ಬರೀ ಅಂಕಿ. ಒಂದು ದಿನವೂ ಹೊಟ್ಟೆ ಉರಿದಿರಲಿಲ್ಲ. ಸೋಮವಾರ ಔಷಧಿ ಅಂಗಡಿಯ ಮೇಡಂ ಬಂದಾಗ ಮಾತ್ರ ನೀವು ಕೊರಳಿನಿಂದ ಟೇಪು ತೆಗೆಯಲೇ ಇಲ್ಲ. "ಇವರದ್ದು ನಂಗೆ ಗೊತ್ತು, ಬರ್ಕೋ" ಅಂದು, ಸೊಂಟದ ಅಳತೆಯನ್ನು ಕಾಲಿಂಚೂ ತಪ್ಪದೆ ಹೇಳಿದಿರಿ. ಎರಡೇ ಸಲ ಬಂದವರು! ಮೇಡಂ ನಕ್ಕರು. ನನ್ನ ಪೆನ್ನು ಅಲ್ಲೇ ನಿಂತಿತು.

ನೀವು ತಪ್ಪು ಮಾಡಿಲ್ಲ, ಗೊತ್ತು. ಮಾಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನಾಚಿಕೆ ಬಿಟ್ಟು ಬರೆಯುತ್ತೇನೆ: ಅವತ್ತಿನಿಂದ ಹುಕ್ ಹೊಲಿಯುವಾಗಲೂ ನಿಮ್ಮ ಕೈಯನ್ನೇ ನೋಡುತ್ತಾ ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದೇನೆ. ಮದುವೆಯಾದ ಹೊಸತರಲ್ಲೂ ನಿಮ್ಮನ್ನು ಇಷ್ಟು ಬಯಸಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಹುಟ್ಟಿದ ಆಸೆ ಮರ್ಯಾದಸ್ಥರಿಗೆ ಸಲ್ಲುತ್ತದೋ ಇಲ್ಲವೋ, ಯಾರನ್ನು ಕೇಳಲಿ?

ಎರಡು ಕೆಲಸ ಆಗಬೇಕು. ಮೇಡಂ ಮತ್ತೆ ಬಂದರೆ ಟೇಪು ಹಿಡಿದೇ ಅಳೆಯಿರಿ. ಇನ್ನೊಂದು, ಇಷ್ಟು ವರ್ಷವೂ ನನ್ನ ರವಿಕೆಯನ್ನು ಹಳೇ ರವಿಕೆ ಇಟ್ಟುಕೊಂಡೇ ಕಟ್ ಮಾಡಿದ್ದೀರಿ. ನಾಳೆ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ನನ್ನ ಅಳತೆ ತೆಗೆದುಕೊಳ್ಳಿ. ಅಂಕಿ ಕೂಗುವುದು ಬೇಡ, ಬರೆದುಕೊಳ್ಳಲು ನನಗೆ ಕೈ ಬಿಡುವಿರುವುದಿಲ್ಲ.

ಇಂತಿ,
ನಿಮ್ಮ ಅಳತೆ ಬರೆಯುವವಳು