ಬಿಜಲಿಯ ಬೆಲೆ

ತೊರಗಲ್, ೧೮-೧೧-೧೯೭೭

ವಿಮಾ ಕಚೇರಿಯ ಸಾಹೇಬರಿಗೆ ತೊರಗಲ್ಲಿನ ನಿಜಗುಣಪ್ಪನ ಶರಣು.

ನೀವು ಕಳಿಸಿದ ನಾಯಿ ವಿಮೆಯ ಅರ್ಜಿಯನ್ನು ತುಂಬಿ ಇದರೊಂದಿಗೆ ಇಟ್ಟಿದ್ದೇನೆ. ನಮ್ಮ ಜರ್ಸಿ ಆಕಳ ವಿಮೆಗೆಂದು ಬಂದಾಗ ನೀವು ನಮ್ಮ ನಾಯಿ ಬಿಜಲಿಯನ್ನು ಕಂಡು, "ಇದಕ್ಕ ತಿನ್ನಾಕ ಹಾಕೂದಿಲ್ಲೇನ್ರಿ?" ಎಂದು ನಕ್ಕಿದ್ದಿರಿ. ಮುಧೋಳ ತಳಿ ಇರುವುದೇ ಹಾಗೆ, ಸಾಹೇಬರೇ. ಪಕ್ಕೆಲುಬು ಕಂಡರೇ ಅದಕ್ಕೆ ಅಂದ. ಕೋಟೆಗುಡ್ಡದಲ್ಲಿ ಕುರಿಹಿಂಡಿಗೆ ಬಿದ್ದ ತೋಳವನ್ನು ಒಬ್ಬಳೇ ಅಟ್ಟಿದವಳು ಇವಳು.

ಆದರೆ ಈ ತಳಿಯ ಚರ್ಮ ತೆಳು, ಜಾಲಿಮುಳ್ಳು ತಾಗಿದರೂ ಸೀಳುತ್ತದೆ. ಚಳಿ ತಡೆಯುವುದಿಲ್ಲ. ಇವಳ ತಾಯಿ ಓಟದಲ್ಲೇ ಕಾಲು ಮುರಿದುಕೊಂಡು ತೀರಿಹೋದಳು.

ಎರಡು ವಿಮೆಗಳಲ್ಲಿ ಒಂದನ್ನು ಆರಿಸಲು ಬರೆದಿದ್ದೀರಿ. ಸತ್ತ ಮೇಲೆ ಹಣ ಕೊಡುವುದು ನಮಗೆ ಬೇಡ. "ಆ ರೊಕ್ಕದ ರೊಟ್ಟಿ ಗಂಟಲದಾಗ ಇಳಿತೈತೇನ್ರಿ?" ಎಂದು ನನ್ನ ಹೆಂಡತಿ ಗುರವ್ವ ಕೇಳಿದಳು. ಕಂತು ಹೆಚ್ಚಾದರೂ ಸರಿ, ಔಷಧದ ಖರ್ಚು ಕೊಡುವ ವಿಮೆಯನ್ನೇ ಮಾಡಿರಿ.

ನಾಯಿಯ ಬೆಲೆ ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ನಮ್ಮ ದನದ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಎದುರಿನವನ ಬೆರಳು ಹಿಡಿದು ತಿಳಿಸುತ್ತೇವೆ; ಎಷ್ಟು ಬೆರಳು ಹಿಡಿದರೆ ಅಷ್ಟು ನೂರು. ಕಾಗದದ ಮೇಲೆ ಬೆಲೆ ಬರೆದು ಸಹಿ ಹಾಕಿದರೆ ಬಿಜಲಿಯನ್ನು ಮಾರಾಟಕ್ಕೆ ನಿಲ್ಲಿಸಿದಂತಾಗುತ್ತದೆ.

ಆದ್ದರಿಂದ ನೀವೇ ಒಮ್ಮೆ ಬರಬೇಕು. ಟವೆಲ್ ನನ್ನದೇ ಇದೆ. ಬರುವಾಗ ಕಚೇರಿಯ ಇನ್ನೊಬ್ಬ ಸಾಹೇಬರನ್ನೂ ಕರೆತನ್ನಿರಿ. ನಿಮ್ಮೊಬ್ಬರ ಹತ್ತು ಬೆರಳು ಸಾಲುವುದಿಲ್ಲ.

ಇಂತಿ,
ಬಿಜಲಿಯ ಮನೆಯ
ನಿಜಗುಣಪ್ಪ